ದಿಂಬಂ ಘಟ್ಟದ ವಾಹನಗಳೂ ಅವುಗಳ ನಂಬರು ಹಲಗೆಯೂ

ವಿದ್ಯಾರ್ಥಿಗಳೇ, ಬಣ್ಣಾರಿಯಿಂದ 27 ಕಡಿದಾದ ತಿರುವುಗಳನ್ನು ಏರಿ ದಿಂಬಂ ಮುಟ್ಟುವ ವಾಹನಗಳನ್ನು ನೀವು ನೋಡಿರುವಿರಿ. ಒಂದು ಲಾರಿಯ ಮೇಲೆ ‘ಟಿಎನ್’, ಅದರ ಬೆನ್ನಿಗೇ ಬರುವುದರ ಮೇಲೆ ‘ಕೆಎ’. ಈ ಅಕ್ಷರಗಳು ಒಡೆಯನ ಭಾಷೆಯನ್ನು ಹೇಳುವುವೆಂದು ಎಣಿಸುವುದು ತಪ್ಪು. ತಾಳವಾಡಿಯಲ್ಲಿ ಎಷ್ಟೋ ಮನೆಗಳ ಮಾತು ಕನ್ನಡವಾದರೂ ಅಲ್ಲಿಯ ವಾಹನಕ್ಕೆ ಸಲ್ಲುವುದು ‘ಟಿಎನ್’ ಗುರುತೇ. ವಾಹನವು ಯಾವ ಕಚೇರಿಯಲ್ಲಿ ದಾಖಲಾಗಿದೆ ಎಂಬುದನ್ನಷ್ಟೇ ಹಲಗೆಯು ತಿಳಿಸುತ್ತದೆ.

ಮೋಟಾರು ಗಾಡಿಗೆ ಇಂಥ ಹಲಗೆ ಇರಬೇಕೆಂದು 1893ರಲ್ಲಿಯೇ ಪ್ಯಾರಿಸ್ ನಗರದ ಪೊಲೀಸರು ಆಜ್ಞೆ ಹೊರಡಿಸಿದ್ದರು. ನಮ್ಮ ಸೀಮೆಯಲ್ಲಿ ಹಿಂದೆ ಮದ್ರಾಸಿನ ವಾಹನಗಳಿಗೆ ‘ಎಂಡಿ’, ‘ಎಂಎಸ್’ ಎಂದೂ, ಮೈಸೂರಿನವಕ್ಕೆ ‘ಎಂವೈ’ ಎಂದೂ ಆರಂಭವಾಗುವ ಗುರುತುಗಳಿದ್ದವು. ಎರಡಕ್ಕೂ ಮೊದಲಕ್ಷರ ಒಂದೇ! 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದ್ರಾಸಿನಲ್ಲಿಯೇ ಉಳಿಯಿತು. ಮುಂದೆ 1969ರಲ್ಲಿ ಮದ್ರಾಸು ರಾಜ್ಯವು ತಮಿಳುನಾಡೆಂದೂ, 1973ರಲ್ಲಿ ಮೈಸೂರು ಕರ್ನಾಟಕವೆಂದೂ ಹೆಸರು ಪಡೆದವು. 1988ರ ಮೋಟಾರು ವಾಹನ ಕಾಯಿದೆಯು 1989ರಲ್ಲಿ ಜಾರಿಗೆ ಬಂದಾಗ ದೇಶಕ್ಕೆಲ್ಲ ಈಗಿನ ಕ್ರಮ ಏರ್ಪಟ್ಟಿತು: ಮೊದಲು ರಾಜ್ಯದ ಎರಡು ಅಕ್ಷರ, ಬಳಿಕ ಕಚೇರಿಯ ಅಂಕಿ, ಶ್ರೇಣಿಯ ಅಕ್ಷರ, ಕಡೆಗೆ ವಾಹನದ ಸಂಖ್ಯೆ. ‘ಕೆಎ 10’ ಎಂದರೆ ಚಾಮರಾಜನಗರ; ‘ಟಿಎನ್ 33’ ಎಂದರೆ ಈರೋಡು. ಬಸ್ಸುಗಳಲ್ಲಿ ಮತ್ತೊಂದು ಸೊಗಸುಂಟು. ಶ್ರೇಣಿಯ ಅಕ್ಷರ ‘ಎಫ್’ ಇದ್ದರೆ ಕರ್ನಾಟಕ ಸರ್ಕಾರದ ಬಸ್ಸು, ‘ಎನ್’ ಇದ್ದರೆ ತಮಿಳುನಾಡಿನದು; ಹುಡುಗರು ದೂರದಿಂದಲೇ ಪಂಥ ಕಟ್ಟಿ ಹೇಳಬಹುದು.

ಬಣ್ಣಕ್ಕೂ ಅರ್ಥವಿದೆ. ಸ್ವಂತ ವಾಹನಕ್ಕೆ ಬಿಳಿಯ ಹಲಗೆ, ಬಾಡಿಗೆಯದಕ್ಕೆ ಹಳದಿ, ವಿದ್ಯುತ್ತಿನಿಂದ ಓಡುವುದಕ್ಕೆ ಹಸಿರು. ಸೇನೆಯ ವಾಹನದ ಹಲಗೆಯಲ್ಲಿ ಮೇಲ್ಮುಖವಾದ ಬಾಣವಿರುತ್ತದೆ.

ಇನ್ನು ಪೋಷಕರು ಗಮನಿಸತಕ್ಕ ವಿಷಯ. ಚಾಮರಾಜನಗರದಲ್ಲಿ ಹಳೆಯ ಮೋಟಾರು ಸೈಕಲ್ಲನ್ನು ಕೊಂಡು ತಾಳವಾಡಿಯಲ್ಲಿ ‘ಕೆಎ’ ಹಲಗೆಯೊಡನೆಯೇ ವರ್ಷಗಟ್ಟಲೆ ಓಡಿಸುವುದು ಸುಲಭವೆಂದು ತೋರಬಹುದು. ಆದರೆ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗೆ ಮೀರಿ ಇರಿಸಿಕೊಂಡರೆ ಹೊಸ ಗುರುತು ಪಡೆಯಬೇಕೆಂದು ಕಾಯಿದೆ ವಿಧಿಸಿದೆ. ಇದಕ್ಕೆ ಹಿಂದಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಕೊಳ್ಳುವಾಗ ಅಗ್ಗವೆನಿಸಿದ ಬೆಲೆಗೆ ಈ ವೆಚ್ಚವನ್ನೂ ಕೂಡಿಸಿ ನೋಡುವುದು ಲೇಸು. 2021ರಲ್ಲಿ ಬಂದ ‘ಬಿಎಚ್’ ಶ್ರೇಣಿಯ ವಾಹನಗಳಿಗೆ ಈ ತೊಡಕಿಲ್ಲ; ಆದರೆ ಅದು ಸರ್ಕಾರಿ ನೌಕರರು, ಸೈನಿಕರು, ನಾಲ್ಕಾರು ರಾಜ್ಯಗಳಲ್ಲಿ ಕಚೇರಿಯುಳ್ಳ ಸಂಸ್ಥೆಗಳ ನೌಕರರು ಮುಂತಾದವರಿಗೆ ಮಾತ್ರ. ಹಿಂದಿನ ರಾಜ್ಯದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳುವ ಅವಕಾಶವುಂಟು. ಅರ್ಜಿ ಕೊಡದೆ ಮಾತ್ರ ಅದು ಬಾರದು.