ದಿನದ ಓಡಾಟಕ್ಕೆ ಎಂಥ ಬೈಕ್? ಮೊದಲು ದಾರಿ ಅಳೆಯಿರಿ



ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರಶ್ನೆಯೊಂದಿದೆ. ಕೃಷ್ಣರಾಜನಗರ ತಾಲ್ಲೂಕಿನ ಪದವಿ ವಿದ್ಯಾರ್ಥಿಯೊಬ್ಬರು ಅದನ್ನು ನೇರವಾಗಿಯೇ ಕೇಳಿದ್ದಾರೆ. ಈ ಸಲದ ಭತ್ತದ ದುಡ್ಡಿನಲ್ಲಿ ಬೈಕ್ ಕೊಡಿಸಲು ಅವರ ತಂದೆ ಒಪ್ಪಿದ್ದಾರಂತೆ. ಗೆಳೆಯರು 150 ಸಿ.ಸಿ. ಗಾಡಿಯೇ ಬೇಕೆನ್ನುತ್ತಾರೆ, ತಂದೆ 100 ಸಿ.ಸಿ. ಸಾಕೆನ್ನುತ್ತಾರೆ. ಯಾರ ಮಾತು ಸರಿ?

ಒಂದು ವರ್ಷದ ಬೆಳೆಯ ಹಣ ಅದು. ಆದ್ದರಿಂದ ಉತ್ತರ ಅಂದಾಜಿನದಾಗಬಾರದು, ಲೆಕ್ಕದ್ದಾಗಬೇಕು. ಇಂಥ ಕಂಪನಿಯ ಗಾಡಿಯನ್ನೇ ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಆಯ್ಕೆ ಮಾಡುವ ಕ್ರಮವನ್ನು ಮಾತ್ರ ನೋಡೋಣ.

ಮೈಸೂರಿನ ಒಂದು ಪಾಠ

ಮೋಟಾರ್ ಸೈಕಲ್ ನಮ್ಮ ಜಿಲ್ಲೆಗೆ ಹೊಸದಲ್ಲ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ತಂತ್ರಜ್ಞಾನ ಬಂದದ್ದು ಜೆಕೊಸ್ಲೊವಾಕಿಯಾದಿಂದ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. ಅಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಗಾಡಿಗಳು ಗಟ್ಟಿಮುಟ್ಟಿಗೆ ಹೆಸರಾಗಿದ್ದವು. ಹಳ್ಳಿಯ ದಾರಿಯಲ್ಲಿ ಇಬ್ಬರನ್ನು ಕೂರಿಸಿಕೊಂಡು, ಮೇಲೊಂದು ಮೂಟೆ ಹೇರಿಕೊಂಡು ಹೋಗುತ್ತಿದ್ದವು.

ಆದರೆ ಅವುಗಳದ್ದು 250 ಸಿ.ಸಿ.ಯ ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್. ಇಂಥ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ದಾರಿಯೂ ಹೊಸ ಪೆಟ್ರೋಲ್-ಗಾಳಿಯ ಮಿಶ್ರಣ ಒಳಬರುವ ದಾರಿಯೂ ಒಂದು ಕ್ಷಣ ಒಟ್ಟಿಗೇ ತೆರೆದಿರುತ್ತವೆ. ಆಗ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಳಸೇರಿಕೆ, ಒತ್ತಡ, ಉರಿತ, ಹೊರಹಾಕುವಿಕೆ ಇವೆಲ್ಲಕ್ಕೂ ಬೇರೆ ಬೇರೆ ಸರದಿ ಇರುವುದರಿಂದ ಈ ಸೋರಿಕೆ ತೀರ ಕಡಿಮೆ.

1985ರಲ್ಲಿ ನಾಲ್ಕು ಹೊಡೆತದ ಹೀರೋ ಹೊಂಡಾ ಸಿ.ಡಿ. 100 ಮಾರುಕಟ್ಟೆಗೆ ಬಂತು. ಮೈಲೇಜ್ ಎಂಬ ಮಾತು ಮನೆಮನೆಗೂ ಮುಟ್ಟಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೊಗೆಯ ಬಗೆಗಿನ ಬಿಗಿ ನಿಯಮಗಳು ಬಂದದ್ದೂ ಅದೇ ವರ್ಷ. ಗಟ್ಟಿ ಗಾಡಿಯಾದರೆ ಸಾಲದು, ದಿನದಿನದ ಖರ್ಚನ್ನೂ ಗಾಡಿ ತಾಳಬೇಕು ಎಂಬುದೇ ಇದರ ಪಾಠ.

ಪುಟ್ಟದೊಂದು ಲೆಕ್ಕ

ಈಗ ಪೆನ್ನು, ಕಾಗದ ತೆಗೆದುಕೊಳ್ಳಿ. ಸುಲಭಕ್ಕೆಂದು ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಓಡಾಟದಲ್ಲಿ 100 ಸಿ.ಸಿ. ಗಾಡಿ ಲೀಟರಿಗೆ 60 ಕಿ.ಮೀ., 150 ಸಿ.ಸಿ. ಗಾಡಿ 45 ಕಿ.ಮೀ. ಕೊಡುತ್ತದೆ ಎಂದುಕೊಳ್ಳೋಣ.

ಕೃಷ್ಣರಾಜನಗರದಿಂದ ಮೈಸೂರಿಗೆ ಸುಮಾರು 40 ಕಿ.ಮೀ. ಹೋಗಿಬರುವುದು 80. ತಿಂಗಳಿಗೆ 25 ದಿನವೆಂದರೆ 2,000 ಕಿ.ಮೀ. ಮೊದಲ ಗಾಡಿಗೆ ಪೆಟ್ರೋಲ್ ಖರ್ಚು ಸುಮಾರು 3,300 ರೂಪಾಯಿ, ಎರಡನೆಯದಕ್ಕೆ 4,400. ವ್ಯತ್ಯಾಸ ತಿಂಗಳಿಗೆ 1,100, ವರ್ಷಕ್ಕೆ 13,000ಕ್ಕೂ ಹೆಚ್ಚು. ಐದು ವರ್ಷದಲ್ಲಿ 65,000 ದಾಟುತ್ತದೆ. ಶೋರೂಮಿನಲ್ಲಿ ಯಾರೂ ಈ ಮೊತ್ತವನ್ನು ಬರೆದು ತೋರಿಸುವುದಿಲ್ಲ.

ಇನ್ನೊಬ್ಬ ವಿದ್ಯಾರ್ಥಿಯ ಕಾಲೇಜು ಮನೆಯಿಂದ 10 ಕಿ.ಮೀ. ದೂರದ ಪಟ್ಟಣದಲ್ಲಿದೆ ಎನ್ನೋಣ. ಅವರ ಓಡಾಟ ತಿಂಗಳಿಗೆ 500 ಕಿ.ಮೀ. ಮಾತ್ರ. ಎರಡು ಗಾಡಿಗಳ ನಡುವಿನ ವ್ಯತ್ಯಾಸ ಆಗ ತಿಂಗಳಿಗೆ 280 ರೂಪಾಯಿಗೆ ಇಳಿಯುತ್ತದೆ. ಇವರು ಮೈಲೇಜಿಗಿಂತ ಗಾಡಿಯ ಬೆಲೆ, ರಿಪೇರಿಯ ಸೌಕರ್ಯಗಳಿಗೆ ಹೆಚ್ಚು ಗಮನ ಕೊಡಬೇಕು.

ಅದಕ್ಕೇ ಹೇಳುವುದು, ಗಾಡಿ ನೋಡುವ ಮೊದಲು ದಾರಿ ಅಳೆಯಿರಿ ಎಂದು. ಅಳೆದ ಮೇಲೆ ಕೆಲವರಿಗೆ ಬೇರೆ ಉತ್ತರವೇ ಹೊಳೆಯಬಹುದು. ಊರಿನಿಂದ ಕೃಷ್ಣರಾಜನಗರದ ರೈಲು ನಿಲ್ದಾಣದವರೆಗೆ ಗಾಡಿ, ಅಲ್ಲಿಂದ ಮೈಸೂರಿಗೆ ಸೀಸನ್ ಟಿಕೆಟಿನಲ್ಲಿ ರೈಲು. ಇಲ್ಲವೇ ವಿದ್ಯಾರ್ಥಿ ಪಾಸಿನಲ್ಲಿ ಬಸ್ಸು. ಹಣವೂ ಉಳಿಯುತ್ತದೆ, ದಿನಕ್ಕೆ 80 ಕಿ.ಮೀ. ಗಾಡಿ ಓಡಿಸುವ ದಣಿವೂ ಅಪಾಯವೂ ತಪ್ಪುತ್ತವೆ.

ಹೇಳಿದ ಮೈಲೇಜ್, ಸಿಕ್ಕ ಮೈಲೇಜ್

ಜಾಹೀರಾತಿನ ಅಂಕಿ ನಿಗದಿತ ಪರೀಕ್ಷೆಯಲ್ಲಿ ಬಂದದ್ದು. ರಸ್ತೆಯ ಮೇಲೆ ಗಾಳಿಯ ತಡೆ ಇರುತ್ತದೆ. ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಕಿ.ಮೀ. ಬದಲು 70ರಲ್ಲಿ ಹೋದರೆ ತಡೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ! ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಚೈನು ಒಣಗಿದ್ದರೂ ಪೆಟ್ರೋಲ್ ಹೆಚ್ಚು ಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿರುತ್ತಾರೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ.

ನಿಜವಾದ ಮೈಲೇಜನ್ನು ನೀವೇ ಕಂಡುಕೊಳ್ಳಬಹುದು. ಟ್ಯಾಂಕ್ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳಿ. 200 ಕಿ.ಮೀ. ಓಡಿಸಿ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಕೊಳ್ಳುವ ಮುಂಚೆಯೇ, ಅದೇ ಗಾಡಿ ಇಟ್ಟುಕೊಂಡಿರುವ ನೆಂಟರನ್ನೋ ನೆರೆಯವರನ್ನೋ ಹೀಗೆ ಅಳೆದು ಹೇಳಲು ಕೇಳಿ.

ನಂಬಿಕೆಯ ಗಾಡಿ ಯಾವುದು?

ಎಂದೂ ಕೆಡದ ಗಾಡಿ ಎಂಬುದಿಲ್ಲ. ಕೆಟ್ಟ ದಿನವೇ ರಿಪೇರಿಯಾಗುವ ಗಾಡಿಯನ್ನು ನಂಬಬಹುದು. ನಿಮ್ಮ ಊರಿನ ಅಥವಾ ಪಕ್ಕದ ಊರಿನ ಮೆಕ್ಯಾನಿಕ್ ಬಳಿ ಹೋಗಿ ಎರಡೇ ಪ್ರಶ್ನೆ ಕೇಳಿ. ನಿಮ್ಮಲ್ಲಿಗೆ ಹೆಚ್ಚಾಗಿ ಬರುವ ಗಾಡಿ ಯಾವುದು? ಅದರ ಕ್ಲಚ್ ಕೇಬಲ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್ ಇಲ್ಲೇ ಸಿಗುತ್ತವೆಯೇ? 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಹೊಸ ಗಾಡಿಗಳ ಎಂಜಿನ್ನಿಗೆ ಸೆನ್ಸರುಗಳು ಬಂದಿವೆ. ಅವುಗಳನ್ನು ಪರೀಕ್ಷಿಸುವ ಸೌಕರ್ಯ ಎಷ್ಟು ದೂರದಲ್ಲಿದೆ ಎಂಬುದನ್ನೂ ವಿಚಾರಿಸಿ.

ದಾರಿಯ ಸ್ವಭಾವವನ್ನೂ ನೋಡಬೇಕು. ನಾಲೆ ಏರಿಯ ಮೇಲೆ, ಗದ್ದೆ ಬಯಲಿನ ಕೆಸರಿನಲ್ಲಿ ಹೋಗುವವರಿಗೆ ಚೈನನ್ನು ಪೂರ್ತಿ ಮುಚ್ಚುವ ಕವರ್ ಇರುವ ಗಾಡಿ ಒಳ್ಳೆಯದು, ಚೈನು ಹೆಚ್ಚು ದಿನ ಬಾಳುತ್ತದೆ. ಟ್ಯೂಬಿಲ್ಲದ ಟೈರಿಗೆ ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುವುದರಿಂದ ಪಂಚರ್ ಅಂಗಡಿ ತಲುಪಲು ವ್ಯವಧಾನ ಸಿಗುತ್ತದೆ.

ಹಳೆಯ ಗಾಡಿ ಕೊಳ್ಳುವವರು ತಣ್ಣಗಿರುವಾಗಲೇ ಎಂಜಿನ್ ಸ್ಟಾರ್ಟ್ ಮಾಡಿಸಿ ನೋಡಬೇಕು. ನಾಲ್ಕು ಹೊಡೆತದ ಗಾಡಿಯ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್ ಸವೆದಿರಬಹುದು. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನವಕ್ಕೆ ಹೊಂದಬೇಕು. ಸಾಲದ ನಮೂದಿದ್ದರೆ ಅದನ್ನು ತೆಗೆಸಿದ ಮೇಲೆಯೇ ಹಣ ಕೊಡಿ.

ಕಂತಿನ ಬಡ್ಡಿ

ಹೇಳುವ ಬೆಲೆಯ ಮೇಲೆ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರುತ್ತವೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಆದ್ದರಿಂದ ಗಾಡಿ ರಸ್ತೆಗಿಳಿಯುವಾಗಿನ ಪೂರ್ತಿ ಬೆಲೆಯನ್ನೇ ಬರೆಸಿಕೊಳ್ಳಿ.

ಕಂತಿನಲ್ಲಿ ಕೊಳ್ಳುವಾಗ ಇನ್ನೂ ಎಚ್ಚರ ಬೇಕು. 80,000 ರೂಪಾಯಿ ಸಾಲಕ್ಕೆ ಮೂರು ವರ್ಷ, ಶೇಕಡಾ 10 ಫ್ಲಾಟ್ ಬಡ್ಡಿ ಎಂದರೆ ಬಡ್ಡಿ 24,000, ತಿಂಗಳ ಕಂತು ಸುಮಾರು 2,890. ಆದರೆ ಪ್ರತಿ ತಿಂಗಳೂ ಅಸಲು ತೀರುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 80,000ಕ್ಕೇ ಬೀಳುತ್ತದೆ! ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡಾ 18ರ ಹತ್ತಿರದ ಬಡ್ಡಿ. ಬ್ಯಾಂಕಿನ ದರದೊಂದಿಗೆ ಹೋಲಿಸಿಯೇ ಸಹಿ ಹಾಕಿ.

ತಲೆಯ ಲೆಕ್ಕ

ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಹುರುಳಿ, ರಾಗಿಯ ಒಕ್ಕಣೆ ನಡೆಯುತ್ತದೆ. ಹರಡಿದ ಕಡ್ಡಿಯ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ರಾತ್ರಿ ಹಿಂದಿನ ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ, ಅಥವಾ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ. ಅದಕ್ಕಿಂತ ಹಳೆಯ ಗಾಡಿಯಲ್ಲಿ ಇದಿಲ್ಲದಿರಬಹುದು, ನೋಡಿಕೊಳ್ಳಿ.

ಪಿ.ಯು. ವಿದ್ಯಾರ್ಥಿಗಳಿಗೆ ಒಂದು ಮಾತು. ಗೇರ್ ಇರುವ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಓಡಿಸಿದವರಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗೆಳೆಯನ ಗಾಡಿಯಲ್ಲಿ ಒಂದೇ ಸುತ್ತು ಎನ್ನುವಾಗ ಇದು ನೆನಪಿರಲಿ.

ಪತ್ರ ಬರೆದ ಮಿತ್ರರೇ, ನೀವು ದಿನವೂ ಮೈಸೂರಿಗೆ ಹೋಗುವವರಾದರೆ ಲೆಕ್ಕ ನಿಮ್ಮ ತಂದೆಯವರ ಪರವಾಗಿದೆ. ಹತ್ತಿರದ ಕಾಲೇಜಾದರೆ ಪೆಟ್ರೋಲಿನ ಅಂತರ ಚಿಕ್ಕದು, ಆದರೂ ಬೆಲೆ ಮತ್ತು ಕಂತು ನೋಡಿದರೆ ಚಿಕ್ಕ ಗಾಡಿಯೇ ಹಗುರ. ತಂದೆಯವರಿಗೂ ನಮ್ಮದೊಂದು ಸಲಹೆ ತಲುಪಿಸಿ. ಗಾಡಿಗೆಂದು ತೆಗೆದಿಟ್ಟ ಹಣದಲ್ಲಿ ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ಟಿಗೆ ಮೊದಲೇ ಪಾಲು ತೆಗೆಯಲಿ, ಒಂದು ನಿಮಗೆ, ಇನ್ನೊಂದು ಹಿಂದೆ ಕೂರುವವರಿಗೆ. ಎಷ್ಟೋ ಸಲ ಹಿಂದೆ ಕೂರುವವರು ಅವರೇ ಆಗಿರುತ್ತಾರೆ.