ಬೋರ್ ಮೋಟಾರ್ ಎತ್ತೋ ಮುಂಚೆ ಮಲ್ಟಿಮೀಟರ್ ಹಿಡೀರಿ

ಕಳೆದ ಬ್ಯಾಸಗ್ಯಾಗ ತಿಳವಳ್ಳಿ ಹತ್ರದ ನಮ್ಮ ತೋಟದ ಬೋರ್ ಮೋಟಾರ್ ಚಾಲೂ ಮಾಡಿದ ಎರಡೇ ನಿಮಿಷಕ್ಕೆ ಟ್ರಿಪ್ ಆಗಾಕ ಹತ್ತಿತು. ಅಡಿಕೆ ಸಸಿ ಬಾಡಾಕತ್ತಿದ್ವು. ನೋಡಾಕ ಬಂದ ಮೆಕ್ಯಾನಿಕ್ "ವೈಂಡಿಂಗ್ ಸುಟ್ಟೈತಿ, ಎತ್ತಬೇಕು" ಅಂದ್ರು. ಎತ್ತೋ ಗಾಡಿ, ಆಳಿನ ಪಗಾರ, ರಿವೈಂಡಿಂಗ್ ಲೆಕ್ಕ ಹಾಕಿ ಎದಿ ಧಸಕ್ಕಂತು. ಎತ್ತೋ ಮೊದಲು ಒಮ್ಮೆ ಅಳತಿ ನೋಡೂಣು ಅಂದೆ.

ಮೊದಲು ಮೇನ್ ಸ್ವಿಚ್ ಬಂದ್ ಮಾಡಿ ಫ್ಯೂಸ್ ಕಿತ್ತು ಕಿಸೆದಾಗ ಇಟ್ಕೊಳ್ರಿ. ಆಟೋ ಸ್ಟಾರ್ಟರ್ ಇದ್ರಂತೂ ಮರೀಬ್ಯಾಡ್ರಿ, ಕರೆಂಟ್ ಬಂದ ಕೂಡಲೇ ಅದು ತಾನಾಗೇ ಚಾಲೂ ಆಗ್ತದ. ಆಮೇಲೆ ಮೋಟಾರಿಗೆ ಹೋಗೋ ಮೂರೂ ವೈರ್ ಸ್ಟಾರ್ಟರಿನಿಂದ ಬಿಚ್ಚಿ, ತುದಿ ಕೆರೆದು ಸ್ವಚ್ಛ ಮಾಡ್ರಿ.

ಮೀಟರನ್ನು 200 ಓಮ್‌ಗೆ ಇಟ್ಟು, ಎರಡೂ ಕಡ್ಡಿ ಒಂದಕ್ಕೊಂದು ಮುಟ್ಟಿಸಿ. ನನ್ನ ಮೀಟರ್ 0.4 ತೋರಿಸ್ತು. ಅದು ಮೀಟರಿನ ವೈರಿನದೇ ಓಮ್, ಪ್ರತಿ ಅಳತೆಯಿಂದ ಕಳೀಬೇಕು. ನಾಲ್ಕೈದು ಓಮ್ ಅಳೆಯುವಾಗ 0.4 ಸಣ್ಣದಲ್ಲ. ಬೋರ್ ಒಳಗಿನ ಕೇಬಲ್ಲೂ ಲೆಕ್ಕಕ್ಕೆ ಬರ್ತದ: 2.5 ಚದರ ಮಿ.ಮೀ. ತಾಮ್ರದ ಕೇಬಲ್ 100 ಮೀಟರ್ ಇಳಿದಿದ್ರೆ, ಹೋಗಿ ಬರೋ ದಾರಿ ಸೇರಿ ಸುಮಾರು 1.5 ಓಮ್.

ನಮ್ಮದು 5 ಎಚ್‌ಪಿ, ತ್ರೀ ಫೇಸ್. ಕೆಂಪು–ಹಳದಿ 4.3, ಹಳದಿ–ನೀಲಿ 5.5, ನೀಲಿ–ಕೆಂಪು 5.5 ಬಂತು. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು. ಹೆಚ್ಚು ಬಂದ ಎರಡರಲ್ಲೂ ಇದ್ದದ್ದು ನೀಲಿ ವೈರ್. ಬೋರ್ ಬಾಯಿ ಹತ್ರದ ಜಾಯಿಂಟ್ ಬಿಚ್ಚಿ ನೋಡಿದ್ರೆ ನೀಲಿ ವೈರಿನ ಟೇಪ್ ಕರಗಿ ಕರ್ರಗಾಗಿತ್ತು. ಕತ್ತರಿಸಿ ಹೊಸದಾಗಿ ಜೋಡಿಸಿದ ಮೇಲೆ ಮೂರೂ 4.3ರ ಆಸುಪಾಸು ಬಂದ್ವು. ಮೋಟಾರ್ ಎತ್ತಲೇ ಇಲ್ಲ.

ಓಡಿ ಬಿಸಿಯಾದ ಮೋಟಾರ್ ತಕ್ಷಣ ಅಳೀಬ್ಯಾಡ್ರಿ. ತಾಮ್ರ 20 ಡಿಗ್ರಿ ಬಿಸಿಯಾದ್ರೆ ಓಮ್ ಸುಮಾರು ಶೇ. 8 ಏರ್ತದ. ತಾಸೊತ್ತು ಬಿಡ್ರಿ.

ಆದ್ರೆ ಇಷ್ಟಕ್ಕೇ ಮೋಟಾರ್ ಪಾಸ್ ಅನ್ನಂಗಿಲ್ಲ. ವೈಂಡಿಂಗಿನಿಂದ ಬಾಡಿಗೆ ಕರೆಂಟ್ ಸೋರಿಕೆ ಇದ್ರೆ ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಅದು ಕಾಣದೇ ಹೋಗಬಹುದು. ಅದಕ್ಕ 500 ವೋಲ್ಟಿನ ಮೆಗ್ಗರ್ ಬೇಕು, ಅದನ್ನ ಮೆಕ್ಯಾನಿಕ್ ಕಡೆಯಿಂದ ಮಾಡಿಸ್ರಿ. ಒಳಗೆ ನಾಲ್ಕಾರು ಸುತ್ತು ಮಾತ್ರ ಶಾರ್ಟ್ ಆಗಿದ್ರೂ ಸಾದಾ ಮೀಟರಿಗೆ ಸಿಗೋದು ಕಷ್ಟ.

ಮೋಟಾರ್ ಚಲೋ ಓಡುವಾಗಲೇ ಒಮ್ಮೆ ಮೂರೂ ಅಳತೆ ತಗೊಂಡು ಸ್ಟಾರ್ಟರ್ ಬಾಗಿಲ ಒಳಗೆ ಬರೆದಿಡ್ರಿ, ಫೋಟೊ ತೆಗೆದು ಮೊಬೈಲಿನಾಗೂ ಇಟ್ಕೊಳ್ರಿ.