ಹತ್ತನೆಯ ವಯಸ್ಸಿನ ಕವಲುದಾರಿ

ಸಂಸಾರ ಸಮೇತ ಪರದೇಶಕ್ಕೆ ಹೊರಟವರು ಮೊದಲು ವಿಚಾರಿಸುವುದು ಸಂಬಳವನ್ನು, ಆಮೇಲೆ ಅಲ್ಲಿಯ ಚಳಿಯನ್ನು. ಮಕ್ಕಳ ಶಾಲೆಯ ಮಾತು ಬರುವ ವೇಳೆಗೆ ಪೆಟ್ಟಿಗೆಗಳಿಗೆ ಬೀಗ ಬಿದ್ದಿರುತ್ತದೆ. ನನ್ನ ಸೋದರಳಿಯ ಬೆಂಗಳೂರಿನಿಂದ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೊರಟಾಗಲೂ ಹಾಗೆಯೇ ಆಯಿತು. ಅವನು ಇಂಜಿನಿಯರು, ಆಗ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. “ಅಲ್ಲಿ ಯಾವ ಶಾಲೆ ಒಳ್ಳೆಯದು ಮಾವ?” ಎಂದು ಕೇಳಿದ. ಮೂವತ್ತು ವರ್ಷ ಪಾಠ ಹೇಳಿದವನೆಂಬ ಗೌರವಕ್ಕಾಗಿ ಕೇಳಿದನೇ ಹೊರತು ನನ್ನಿಂದ ಉತ್ತರ ಬಂದೀತೆಂಬ ನಂಬಿಕೆ ಅವನಿಗಿದ್ದಂತೆ ತೋರಲಿಲ್ಲ. ಆದರೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ನಮ್ಮಲ್ಲಿ ಶಾಲೆಯನ್ನು ಆರಿಸುವುದೆಂದರೆ ಅರ್ಜಿ ಹಿಡಿದು ನಾಲ್ಕಾರು ಬಾಗಿಲು ತಟ್ಟುವುದು. ಮ್ಯೂನಿಕ್ ಇರುವ ಬವೇರಿಯ ಪ್ರಾಂತದಲ್ಲಿ, ಬಾಡಿಗೆಗೆ ಹಿಡಿದ ಮನೆಯ ಬೀದಿ ಯಾವ ಸರ್ಕಾರಿ ಪ್ರಾಥಮಿಕ ಶಾಲೆಯ ಎಲ್ಲೆಗೆ ಸೇರಿದೆಯೋ ಸಾಮಾನ್ಯವಾಗಿ ಅದೇ ಮಗುವಿನ ಶಾಲೆ. ಅಲ್ಲಿ ಶುಲ್ಕವಿಲ್ಲ. ಮಗುವಿಗೆ ಮನೆಯಲ್ಲಿಯೇ ಪಾಠ ಹೇಳಿಕೊಳ್ಳುತ್ತೇವೆಂದರೆ ಕಾನೂನು ಒಪ್ಪದು. ಈ ಕಟ್ಟುನಿಟ್ಟನ್ನು ಪ್ರಶ್ನಿಸಿದ ತಂದೆತಾಯಿಗಳ ಪರವಾಗಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವೂ ೨೦೧೯ರಲ್ಲಿ ನಿಲ್ಲಲಿಲ್ಲ.

ನಿಜವಾದ ಆಯ್ಕೆ ಬರುವುದು ನಾಲ್ಕನೆಯ ತರಗತಿಯ ಕೊನೆಗೆ. ಅಲ್ಲಿಂದ ಮುಂದೆ ದಾರಿ ಮೂರಾಗಿ ಒಡೆಯುತ್ತದೆ. ವಿಶ್ವವಿದ್ಯಾನಿಲಯಕ್ಕೆ ನೇರವಾಗಿ ಒಯ್ಯುವುದು ಗಿಮ್ನಾಜಿಯಂ (ಹೆಸರು ಕೇಳಿ ಗರಡಿಮನೆಯೆಂದು ಭ್ರಮಿಸಬಾರದು), ನಡುವಿನದು ರೆಯಾಲ್‌ಶೂಲೆ, ಕಸುಬಿನ ಕಡೆಗೆ ಹೆಚ್ಚು ಒಲಿದದ್ದು ಮಿಟ್ಟೆಲ್‌ಶೂಲೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಪ್ರಾಥಮಿಕ ಶಾಲೆ ಆರು ವರ್ಷದ್ದು. ಬವೇರಿಯದಲ್ಲಿ ಹತ್ತು ವರ್ಷದ ಕೂಸಿನ ಮುಂದೆಯೇ ಈ ಕವಲು ಬಂದು ನಿಲ್ಲುತ್ತದೆ. ಅಂಕಗಳ ಕ್ರಮವೂ ನಮಗೆ ತಿರುಗುಮುರುಗು: ಒಂದು ಸರ್ವೋತ್ತಮ, ಆರು ಕಡೆಯದು. ಜರ್ಮನ್, ಗಣಿತ, ಪರಿಸರಪಾಠ ಈ ಮೂರರ ಸರಾಸರಿ ೨.೩೩ ಆಗಿದ್ದರೆ, ಎಂದರೆ ಮೂರೂ ಕೂಡಿ ಏಳನ್ನು ದಾಟದಿದ್ದರೆ, ಗಿಮ್ನಾಜಿಯಂ. ೨.೬೬ ಆದರೆ ರೆಯಾಲ್‌ಶೂಲೆ. ಇಷ್ಟು ಎಳೆಯ ವಯಸ್ಸಿನಲ್ಲಿ ಮಕ್ಕಳನ್ನು ಜರಡಿ ಹಿಡಿಯುವುದು ನನಗೆ ಸರಿದೋರುವುದಿಲ್ಲ. ಆ ದೇಶದಲ್ಲಿಯೂ ಇದರ ಬಗ್ಗೆ ತಕರಾರು ಹಳೆಯದು. ೨೦೦೧ರಲ್ಲಿ ಪ್ರಕಟವಾದ ಪೀಸಾ ಪರೀಕ್ಷೆಯ ಫಲಿತಾಂಶ, ಮಗುವಿನ ಕಲಿಕೆ ತಂದೆತಾಯಿಗಳ ಅಂತಸ್ತಿಗೆ ಅಲ್ಲಿ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆಯೆಂಬುದನ್ನು ತೋರಿಸಿ ಜರ್ಮನ್ನರನ್ನೇ ಬೆಚ್ಚಿಬೀಳಿಸಿತು.

ಇದನ್ನೆಲ್ಲ ಕೇಳಿ ನನ್ನ ಸೊಸೆ ಕಂಗಾಲಾದಳು. “ಇಲ್ಲಿ ತರಗತಿಗೇ ಮೊದಲು ಬರುವ ಹುಡುಗಿ. ಅಲ್ಲಿ ಬಾಯಿಲ್ಲದವಳ ಹಾಗೆ ಕೂತಿರಬೇಕೇ ಮಾವ?” ಎಂದಳು. ಅವಳ ಮನಸ್ಸು ಇಂಗ್ಲಿಷಿನಲ್ಲಿ ಕಲಿಸುವ ಅಂತರರಾಷ್ಟ್ರೀಯ ಶಾಲೆಯ ಕಡೆಗಿತ್ತು. ಅಂಥ ಶಾಲೆಗಳಿಗೆ ಕುಲೀನ ಚರಿತ್ರೆಯೇ ಉಂಟು: ರಾಷ್ಟ್ರಸಂಘದ ನೌಕರರ ಮಕ್ಕಳಿಗಾಗಿ ೧೯೨೪ರಲ್ಲಿ ಜಿನೀವದಲ್ಲಿ ಒಂದು ತೆರೆಯಿತು, ಯಾವ ದೇಶಕ್ಕೆ ಹೋದರೂ ಸಲ್ಲುವಂಥ ಇಂಟರ್‌ನ್ಯಾಷನಲ್ ಬಾಕಲೋರಿಯೇಟ್ ಪರೀಕ್ಷೆಯ ಸಂಸ್ಥೆ ಅದೇ ಊರಿನಲ್ಲಿ ೧೯೬೮ರಲ್ಲಿ ಹುಟ್ಟಿತು. ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಿಸುವವರಿಗೆ ಅದಕ್ಕಿಂತ ಅನುಕೂಲ ಬೇರೊಂದಿಲ್ಲ. ಆದರೆ ಶುಲ್ಕ ವರ್ಷಕ್ಕೆ ಇಪ್ಪತ್ತು ಸಾವಿರ ಯೂರೋಗಳ ಆಚೀಚೆ. ಕಂಪನಿ ಕೊಡದಿದ್ದರೆ ಇಬ್ಬರು ಮಕ್ಕಳಿಗೆ ತೆರುವುದು ಹೇಗೆ?

“ಎಷ್ಟು ವರ್ಷ ಇರುತ್ತೀಯಪ್ಪಾ?” ಎಂದು ಅಳಿಯನನ್ನು ಕೇಳಿದೆ. “ಎರಡು ವರ್ಷ ಎಂದಿದ್ದಾರೆ ಮಾವ. ಆಮೇಲೆ ನೋಡೋಣ” ಎಂದ. ಎಲ್ಲ ತೊಡಕೂ ಆ ‘ನೋಡೋಣ’ದಲ್ಲಿಯೇ ಇತ್ತು. ಹಿಂತಿರುಗುವವನಿಗೆ ಒಂದು ಶಾಲೆ, ನೆಲೆ ನಿಲ್ಲುವವನಿಗೆ ಇನ್ನೊಂದು; ತಾನು ಯಾರೆಂದು ತಂದೆ ನಿಶ್ಚಯಿಸದೆ ಮಗಳ ಶಾಲೆ ನಿಶ್ಚಯವಾಗದು. ಒಂದು ವಾರ ಗಂಡಹೆಂಡಿರು ಮಾತಾಡಿಕೊಂಡು, ಇರುವುದೇ ಸರಿಯೆಂದು ತೀರ್ಮಾನಿಸಿದರು.

ಹುಡುಗನ ವಿಷಯದಲ್ಲಿ ಹೇಳುವಂಥದೇನೂ ಇಲ್ಲ. ಆ ದೇಶದ ರೂಢಿಯಂತೆ ಮೊದಲ ದಿನ ತನ್ನಷ್ಟೇ ಎತ್ತರದ, ಮಿಠಾಯಿ ಪೆನ್ಸಿಲುಗಳು ತುಂಬಿದ ಕಾಗದದ ಕೊಂಬನ್ನು ತಬ್ಬಿಕೊಂಡು ನಿಂತ ಅವನ ಚಿತ್ರ ಬಂತು. ಅಕ್ಕಿಯಲ್ಲಿ ಓಂಕಾರ ಬರೆಸುವ ನಮ್ಮ ಅಕ್ಷರಾಭ್ಯಾಸವೇ ನೆನಪಾಯಿತು. ಯುಗಾದಿಯ ವೇಳೆಗೆ ಅವನು ಜರ್ಮನಿನಲ್ಲಿ ಜಗಳವಾಡುತ್ತಿದ್ದನಂತೆ.

ಹುಡುಗಿಯ ಕಥೆ ಬೇರೆ. ಭಾಷೆ ಬಾರದ ಮಕ್ಕಳಿಗೆಂದೇ ಇರುವ ಜರ್ಮನ್ ತರಗತಿಗೆ ಸೇರಿಸಿ, ಮೂರನೆಯ ತರಗತಿಯ ಮಟ್ಟದಲ್ಲಿ ಕೂರಿಸಿದರು. ಆ ಚಳಿಗಾಲವೆಲ್ಲ ಅವಳು ದೂರವಾಣಿಯಲ್ಲಿ “ಹೂಂ”, “ಊಹೂಂ” ಎಂಬೆರಡಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮನೆಯಲ್ಲಿ ಕನ್ನಡವನ್ನೂ ನಿಲ್ಲಿಸಿ ಜರ್ಮನನ್ನೇ ಆಡಿಸೋಣವೇ ಎಂದು ತಾಯಿ ಕೇಳಿದಳು. ಬೇಡವೇ ಬೇಡ ಎಂದೆ. ಹಗಲೆಲ್ಲ ಮಾತು ಕಳೆದುಕೊಂಡು ಬಂದ ಮಗುವಿಗೆ ಮಾತಾಡಲು ಮನೆಯೊಂದಾದರೂ ಇರಬೇಡವೇ?

ಒಂದೂವರೆ ವರ್ಷದ ಮೇಲೆ, ಮೇ ತಿಂಗಳ ಮೊದಲಲ್ಲಿ, ನಾಲ್ಕನೆಯ ತರಗತಿಯ ವರ್ಗಾವಣೆ ಪತ್ರ ಬಂತು. ಮೂರೂ ಕೂಡಿ ಎಂಟು: ೨.೬೬. ಒಂದೇ ಒಂದು ಅಂಕದಿಂದ ಕೈತಪ್ಪಿತು. ತಾಯಿ ಅತ್ತಳಂತೆ. ಹೊರದೇಶದಿಂದ ಬಂದ ಮಗುವಿಗೆ ಭಾಷೆಯ ಕಾರಣದಿಂದ ಅಂಕ ತಗ್ಗಿದ್ದರೆ ರಿಯಾಯಿತಿ ತೋರಿಸಲು ಅಲ್ಲಿಯ ನಿಯಮದಲ್ಲಿ ಅವಕಾಶವಿದೆ. ರೆಯಾಲ್‌ಶೂಲೆಯಿಂದಲೂ ಹತ್ತನೆಯ ತರಗತಿಯ ಅನಂತರ ಮೇಲಣ ಓದಿಗೆ ಏರುವ ದಾರಿಯಿದೆ. ಯಾವುದಕ್ಕೂ ಉಪಾಧ್ಯಾಯಿನಿಯನ್ನು ಕಂಡು ಮಾತಾಡಿ ಎಂದು ಹೇಳಿ, ಹುಡುಗಿಯನ್ನು ಕರೆಯಲು ತಿಳಿಸಿದೆ.

“ತಾತ, ಗಣಿತದಲ್ಲಿ ನನಗೆ ಒಂದು!” ಎಂದು ಕೂಗಿದಳು.

‘ಒಂದೇ?’ ಎಂಬ ಮಾತು ಈ ಹಳೆಯ ಮೇಷ್ಟರ ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡೆ.